ಕೈಗೆ ಕೊಟ್ಟ ಎಲೆ

ಓಬವ್ವನ ಮನೆಯಲ್ಲಿ ಜಗಳ ಶುರುವಾದದ್ದು ಒಂದು ಹಾಲಿನ ಬಾಟಲಿಯಿಂದ. ಮೊಮ್ಮಗಳು ಧನುಶ್ರೀಗೆ ಆ ಬಾಟಲಿಯ ರಬ್ಬರು ಕಂಡರಾಗದು. ಬಾಯಿಗಿಟ್ಟರೆ ನಾಲಿಗೆಯಿಂದ ಹೊರಕ್ಕೆ ದಬ್ಬಿ, ಅಜ್ಜಿಯ ಮುಖವನ್ನೊಮ್ಮೆ ನೋಡಿ, ಓಣಿಗೆಲ್ಲ ಕೇಳುವಂತೆ ಚೀರುತ್ತಿತ್ತು. ರಾಗಿ ಸರಿ ಮಾಡಿ ತಿನ್ನಿಸಿದರೆ ಅರ್ಧ ಗಲ್ಲಕ್ಕೆ, ಇನ್ನರ್ಧ ಓಬವ್ವನ ಸೀರೆಗೆ. ಏಳು ತಿಂಗಳ ಕೂಸಿಗೆ ಇಷ್ಟು ಹಠ ಎಲ್ಲಿಂದ ಬಂತು ಎಂದು ಕಾಲೋನಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಜ್ಜಿಯನ್ನು ಬಲ್ಲವರಿಗೆ ಕೇಳುವ ಅಗತ್ಯವೂ ಇರಲಿಲ್ಲ.

ಕೂಸಿನ ತಾಯಿ ಅಂಬಿಕಾ ಹೆರಿಗೆ ರಜೆ ಮುಗಿಸಿ ಅಡಿಕೆ ಫ್ಯಾಕ್ಟರಿಗೆ ಮತ್ತೆ ಹೋಗತೊಡಗಿ ಎರಡು ವಾರವಾಗಿತ್ತು. ಫ್ಯಾಕ್ಟರಿ ದೂರವೇನಲ್ಲ. ಚನ್ನಗಿರಿಯ ಅಂಚಿನ ಈ ಕಾಲೋನಿಯ ಮನೆಬಾಗಿಲಲ್ಲಿ ನಿಂತರೆ ಅದರ ನೀಲಿ ತಗಡು ಕಾಣುತ್ತದೆ. ಬೆಲ್ಟಿನ ಮೇಲೆ ಹರಿದು ಬರುವ ಕೆಂಪಡಿಕೆಯಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಎಂದು ಆರಿಸುವುದು ಅವಳ ಕೆಲಸ. ಊಟದ ಬಿಡುವಿನಲ್ಲಿ ಓಡಿ ಬಂದು ಕೂಸಿಗೆ ಹಾಲು ಕೊಟ್ಟು ಓಡಿ ಹೋಗುತ್ತಿದ್ದಳು. ಅವಳ ಬುತ್ತಿ ಬಿಚ್ಚದೆ ಹಾಗೇ ಮನೆಗೆ ವಾಪಸು ಬರುತ್ತಿತ್ತು. ಅದೊಂದು ಸಲ ಬಿಟ್ಟರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಅವಳ ಕುಪ್ಪಸ ನೆನೆಯುತ್ತಿತ್ತು, ಇಲ್ಲಿ ಕೂಸು ಹಸಿದು ಅಳುತ್ತಿತ್ತು.

ಒಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಅಂಬಿಕಾ ಮಾತು ತೆಗೆದಳು. ಮುದ್ದೆ, ಅವರೆಕಾಳಿನ ಸಾರು. ಮಾವ ಧರ್ಮಪ್ಪ ಎರಡನೇ ಮುದ್ದೆಗೆ ಕೈ ಹಾಕಿದ್ದ.

"ಅತ್ತೆ, ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಮೇಲೆ ಒಂದ್ಸಲ ಕೂಸಿನ್ನ ಗೇಟಿಗೆ ಕರ್ಕಂಡು ಬರ್ತೀರಾ?"

"ಗೇಟಿಗೆ ತಂದು ಏನ್ಮಾಡ್ಲೆ? ವಾಚ್‌ಮನ್ ಹಾಲು ಕುಡಿಸ್ತಾನಾ?"

"ನಾನೇ ಬರ್ತೀನಿ. ಇವತ್ತು ಸೂಪರ್‌ವೈಸರ್ ಸಿದ್ದಲಿಂಗೇಶ್ ಅವ್ರನ್ನ ಕೇಳ್ದೆ. ಲೈನ್ ಬಿಟ್ಟು ಹೋಗಂಗಿಲ್ಲ, ಹೋದ್ರೆ ಅರ್ಧ ದಿನದ ಸಂಬಳ ಹಿಡಿತೀನಿ ಅಂದ್ರು. ಆದ್ರೆ ನಮ್ಮಕ್ಕ ಫೋನಿನಾಗೆ ಬೇರೆ ಹೇಳಿದ್ಲು."

ಅಂಬಿಕಾಳ ಅಕ್ಕನನ್ನು ನ್ಯಾಮತಿಗೆ ಕೊಟ್ಟಿತ್ತು. ಅಲ್ಲಿಂದ ದಿನವೂ ಕಂಪನಿ ಬಸ್ಸು ಹತ್ತಿ ಗಾರ್ಮೆಂಟಿಗೆ ಹೋಗುತ್ತಿದ್ದಳು. ಅವಳ ಕೂಸಿಗೆ ಹದಿನೈದು ತಿಂಗಳು ತುಂಬುವವರೆಗೂ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುತ್ತಿದ್ದರಂತೆ. ಊಟದ ಬಿಡುವು ಬೇರೆ, ಇದು ಬೇರೆ. ಸಂಬಳ ಹಿಡಿಯುವಂತಿಲ್ಲ. ಇದು ಯಾರೋ ಕರುಣೆಗೆ ಕೊಟ್ಟದ್ದಲ್ಲ, ಕಾನೂನು.

"ಕಾನೂನು!" ಅಂಬಿಕಾಳ ಗಂಡ ತಿಪ್ಪೇರುದ್ರ ತಟ್ಟೆಯಿಂದ ತಲೆ ಎತ್ತಿದ. ಅವನು ಅದೇ ಫ್ಯಾಕ್ಟರಿಯ ಸಾಮಾನು ಗಾಡಿ ಓಡಿಸುತ್ತಿದ್ದ. ಹೊನ್ನಾಳಿ, ನ್ಯಾಮತಿಯ ಕಡೆಯಿಂದ ಮಾಲು ತುಂಬಿ ತರುವುದು ಅವನ ಕೆಲಸ. "ನೀನು ಅಲ್ಲಿ ಹೋಗಿ ಕಾನೂನು ಅಂತ ಬಾಯಿ ಬಿಡು, ಇಲ್ಲಿ ನನ್ನ ಕೈಯಾಗಿನ ಗಾಡಿ ಕೀ ಇಸ್ಕಂತಾರೆ. ಉಂಡ ಮನೆ ಜಂತೆ ಎಣಿಸಾಕೆ ಹೋಗ್ಬ್ಯಾಡ."

"ಉಂಡಿದ್ದು ದುಡಿದು. ಬಿಟ್ಟಿ ಉಂಡಿಲ್ಲ."

"ಮಾತಿಗೇನು ಕಮ್ಮಿ ಇಲ್ಲ ನಿನಗೆ."

"ಹಾಲಿಗೂ ಕಮ್ಮಿ ಇಲ್ಲ. ಕುಡಿಸಾಕೆ ಬಿಡ್ರಿ ಅಂತ ಕೇಳ್ತಿರೋದು ಅಷ್ಟೇ."

ಧರ್ಮಪ್ಪ ನಕ್ಕುಬಿಟ್ಟ. ಓಬವ್ವ ನಗಲಿಲ್ಲ. ಅವಳು ಸಾರಿನ ಸೌಟನ್ನು ತಪ್ಪಲೆಯ ಅಂಚಿಗೆ ಎರಡು ಸಲ ಬಡಿದಳು. ಆ ಮನೆಯಲ್ಲಿ ಹಾಗೆ ಬಡಿದರೆ ಸಭೆ ಮುಗಿಯಿತು, ಇನ್ನು ಅಧ್ಯಕ್ಷರ ಭಾಷಣ ಎಂದು ಅರ್ಥ.

"ಒಂದು ಕೂಸಿಗೆ ಹಾಲು ಕುಡಿಸಾಕೆ ಕಾನೂನು ಯಾಕೆ ಬೇಕು? ನಮ್ಮ ಕಾಲದಾಗೆ ಯಾವ ಕಾನೂನಿತ್ತು? ಬಸವರಾಜಪ್ಪಾರ ಶೆಡ್ಡಿನಾಗೆ ನಾವು ಹಡೆದು ತಿಂಗಳಿಗೆಲ್ಲ ಬಂದು ಕೂರ್ತಿದ್ವಿ. ಕೂಸು ಅತ್ರೆ ಎತ್ಕಂತಿದ್ವಿ. ಯಾರೂ ಯಾಕೆ ಅಂತಿರಲಿಲ್ಲ. ಅವರ ಮಗ, ಈಗಿನ ಸಾವ್ಕಾರ ಹಾಲಸ್ವಾಮಿ ನನ್ನ ಕಣ್ಣ ಮುಂದೆ ಬೆಳೆದೋನು. ನಾನು ಮಾತಾಡ್ತೀನಿ."

"ಬ್ಯಾಡ ಅತ್ತೆ. ನಾನೇ ಕೇಳ್ತೀನಿ. ನನ್ನ ಕೆಲಸ."

"ನೀನು ಕೇಳಿದ್ರೆ ಜಗಳ ಆಗ್ತೈತೆ. ನಾನು ಕೇಳಿದ್ರೆ ಕೆಲಸ ಆಗ್ತೈತೆ, ಅಷ್ಟೇ."

ಆ ಶೆಡ್ಡಿನ ಮಾತು ಬಂದರೆ ಓಬವ್ವನಿಗೆ ಅರವತ್ತು ದಾಟಿದ್ದು ಮರೆತುಹೋಗುತ್ತದೆ. ಅವಳು ಹುಟ್ಟಿದ್ದು ಜಗಳೂರಿನ ಕಡೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಕುರಿ ಎನ್ನುವ ಸೀಮೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಆ ಕಡೆಯ ಹೆಂಗಸರು ಗಂಟು ಕಟ್ಟಿಕೊಂಡು, ಹುರಿದ ಶೇಂಗಾ ಮಡಿಲಲ್ಲಿ ತುಂಬಿಕೊಂಡು, ಬಸ್ಸು ಹತ್ತಿ ಚನ್ನಗಿರಿಗೆ ಬರುತ್ತಿದ್ದರು. ಬಸವರಾಜಪ್ಪನವರ ಶೆಡ್ಡೆಂದರೆ ತೆಂಗಿನಗರಿಯ ಉದ್ದನೆಯ ಮಾಡು. ಎರಡು ಸಾಲು ಹೆಂಗಸರು ಎದುರುಬದುರು ಕೂತು, ಮಣೆಗೆ ಹೊಡೆದ ಕತ್ತಿಯನ್ನು ಕಾಲಲ್ಲಿ ಮೆಟ್ಟಿಕೊಂಡು ಹಸಿ ಅಡಿಕೆ ಸುಲಿಯಬೇಕು. ಡಬ್ಬ ತುಂಬಿದಷ್ಟು ಕೂಲಿ. ಮೇಲೆ ಜಂತೆಗೆ ಹಳೇ ಸೀರೆಯ ಜೋಲಿಗಳು, ಒಂದೊಂದರಲ್ಲಿ ಒಂದೊಂದು ಕೂಸು. ಯಾರ ಕೂಸು ಎಚ್ಚರಾದರೂ ಹತ್ತಿರ ಇದ್ದವಳು ಮೊಣಕೈಯಿಂದ ಜೋಲಿಯನ್ನೊಂದು ದೂಡಿ ಮತ್ತೆ ಕತ್ತಿಗೆ ಕೈ ಹಾಕುತ್ತಿದ್ದಳು. ಒಬ್ಬಳು ಪದ ಎತ್ತಿದರೆ ಎದುರು ಸಾಲು ಮುಗಿಸುತ್ತಿತ್ತು. ಗಂಡಂದಿರ ಬಗ್ಗೆ ಕಟ್ಟಿದ ಪದಗಳೇ ಹೆಚ್ಚು. ಅವನ್ನು ಇಲ್ಲಿ ಬರೆಯುವಂತಿಲ್ಲ. ಚಳಿ ಜಾಸ್ತಿಯಾದರೆ ಸಿಪ್ಪೆಗೆ ಬೆಂಕಿ ಹಚ್ಚಿ, ಶೇಂಗಾ ಸುಟ್ಟು, ಕಪ್ಪಾದ ಬೆರಳುಗಳಲ್ಲೇ ಹಂಚಿಕೊಂಡು ತಿನ್ನುತ್ತಿದ್ದರು. ಆಹಾ, ಏನು ದಿನಗಳವು! ಈಗಲೂ ಹಸಿ ಅಡಿಕೆ ಬೇಯಿಸುವ ಒಗರು ವಾಸನೆ ಗಾಳಿಯಲ್ಲಿ ಬಂದರೆ ಓಬವ್ವ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಮೂಗೆತ್ತಿ ನಿಲ್ಲುತ್ತಾಳೆ.

ಧರ್ಮಪ್ಪ ಆಗ ಸೂಳೆಕೆರೆ ಚಾನಲ್ಲಿನ ನೀರುಗಂಟಿ. ಯಾರ ಗದ್ದೆಗೆ ಯಾವಾಗ ನೀರು ಎಂದು ತೂಬು ಎತ್ತಿ ಇಳಿಸುವವನು. ಶೆಡ್ಡಿಗೂ ಚಾನಲ್ಲಿಗೂ ಸಂಬಂಧವೇ ಇಲ್ಲದಿದ್ದರೂ, ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ದಿನವೂ ಬರುತ್ತಿದ್ದ. "ಬೀಡಿ ಸೇದೋ ಚಟವೇ ಇರಲಿಲ್ಲ ಈ ಪುಣ್ಯಾತ್ಮಗೆ," ಎಂದು ಓಬವ್ವ ಈಗಲೂ ಅಣಕಿಸುತ್ತಾಳೆ. ಮದುವೆಯಾಗಿ ಅವಳು ಇಲ್ಲೇ ಉಳಿದಳು. ತಿಪ್ಪೇರುದ್ರನೂ ಅದೇ ಜೋಲಿಯಲ್ಲಿ ಬೆಳೆದ. ಆಮೇಲೆ ಸುಲಿಯುವ ಯಂತ್ರ ಬಂತು, ಜಗಳೂರಿನ ಬಸ್ಸಿನಿಂದ ಇಳಿಯುವ ಗಂಟುಗಳು ಕಡಿಮೆಯಾದವು, ಕೊನೆಗೊಂದು ವರ್ಷ ಶೆಡ್ಡೇ ಹೋಗಿ ಫ್ಯಾಕ್ಟರಿ ಬಂತು.

ಅಮಾವಾಸ್ಯೆಯ ದಿನ ಫ್ಯಾಕ್ಟರಿಯಲ್ಲಿ ಯಂತ್ರಗಳಿಗೆ ಪೂಜೆ ಮಾಡಿ ಎಲ್ಲರಿಗೂ ಎಲೆ ಅಡಿಕೆ ಕೊಡುವ ರೂಢಿ. ಓಬವ್ವ ಅದೇ ದಿನ ನೋಡಿ, ಪೆಟ್ಟಿಗೆಯಲ್ಲಿದ್ದ ನೇರಳೆ ಸೀರೆ ಉಟ್ಟು, ಕೂಸನ್ನು ಧರ್ಮಪ್ಪನ ಕೈಗೆ ಕೊಟ್ಟು ಹೊರಟಳು. ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ದಿನಕ್ಕೆ ಎರಡು ಸಲ, ಸ್ವಲ್ಪ ಹೊತ್ತು, ಅಷ್ಟೇ.

ಹಾಲಸ್ವಾಮಿ ಅವಳನ್ನು ಕಂಡವರೇ ಎದ್ದು ಬಂದರು. "ಏನ್ ಓಬವ್ವ, ಎಷ್ಟು ವರ್ಷ ಆಯ್ತು ನಿನ್ನ ನೋಡಿ! ಬಾ, ಕೂತ್ಕ," ಎಂದು ಕುರ್ಚಿ ಎಳೆದರು. ಆ ಮನೆತನದವರ ಮುಂದೆ ಓಬವ್ವ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಕೂತಳೋ ಇಲ್ಲವೋ ಎನ್ನುವಂತೆ ಅಂಚಿನಲ್ಲಿ ಕೂತಳು. ಎಲ್ಲರಿಗೂ ಕೊಡುವಂಥ ಲೋಟದಲ್ಲೇ ಅವಳಿಗೂ ಕಾಫಿ ಬಂತು. ಹಳೆಯದೆಲ್ಲ ಮಾತಾಯಿತು. ಅಪ್ಪಾಜಿ ಹೋಗಿ ಇಷ್ಟು ವರ್ಷವಾಯಿತು, ಅವ್ವಗೆ ಮಂಡಿ ನೋವು, ಆಗಿನಂಥ ಜನ ಈಗೆಲ್ಲಿ. ಓಬವ್ವನಿಗೆ ಕಣ್ಣು ತುಂಬಿ ಬಂತು.

"ಏನು ಬಂದಿದ್ದು ಹೇಳು."

"ನನ್ನ ಸೊಸೆ ಅಂಬಿಕಾ ಇಲ್ಲೇ ಅಡಿಕೆ ಆರಿಸ್ತಾಳೆ ಸಾವ್ಕಾರ್ರೆ. ಹಾಲುಗೂಸಿನ ತಾಯಿ. ಕೂಸು ಬಾಟ್ಲಿ ಮುಟ್ಟವಲ್ದು. ಅದಕ್ಕೇ..."

"ಅಯ್ಯೋ, ಅಷ್ಟೇನಾ! ನಿನ್ನ ಸೊಸೆ ಅಂದ್ರೆ ನಮ್ಮ ಮನೆ ಮಗಳಿದ್ದಂಗೆ. ಅಂಥ ಕೂಸು ಬಿಟ್ಟು ಇಲ್ಲಿ ಯಾಕೆ ಒದ್ದಾಡ್ಬೇಕು? ಸೋಮವಾರದಿಂದ ಆರಾಮಾಗಿ ಮನೇಲಿರ್ಲಿ. ಕೂಸು ಅಂಗನವಾಡಿಗೆ ಹೋಗೋ ಹಂಗಾಗ್ಲಿ, ಆಮೇಲೆ ನೋಡಣ. ಸಿದ್ದಲಿಂಗೇಶಂಗೆ ನಾನು ಹೇಳ್ತೀನಿ. ಆಗಬೋದಾ?"

ಹಾಗೆನ್ನುತ್ತಲೇ ತಟ್ಟೆಯಿಂದ ಎರಡು ಎಲೆ, ಒಂದು ಬಟ್ಟಲಡಿಕೆ ತೆಗೆದು ಅವಳ ಬಲಗೈ ಹಿಡಿದು ಅಂಗೈಗೆ ಇಟ್ಟರು.

ಬಸವರಾಜಪ್ಪನವರ ಕಾಲದಲ್ಲೂ ಅಮಾವಾಸ್ಯೆಗೆ ಎಲೆ ಅಡಿಕೆ ಸಿಗುತ್ತಿತ್ತು. ಆದರೆ ಓಬವ್ವನಂಥವರು ಸೆರಗು ಒಡ್ಡಬೇಕು, ಅವರು ಮೇಲಿಂದ ಬಿಡಬೇಕು. ಕೈಗೆ ಕೈ ತಗಲಬಾರದು. ಗಾಳಿ ಬೀಸಿದರೆ ಎಲೆ ಆಚೆ ಹಾರಿ ಬೀಳುತ್ತಿತ್ತು, ಓಡಿ ಹೋಗಿ ಹೆಕ್ಕಿಕೊಳ್ಳಬೇಕು. ಆಗ ಅದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ, ಅಥವಾ ಅನಿಸಿದ್ದನ್ನು ಯಾರೂ ಹೇಳುತ್ತಿರಲಿಲ್ಲ. ಈಗ ಆ ಮನೆಯ ಮಗ ಅವಳ ಕೈ ಹಿಡಿದು ಎಲೆ ಇಟ್ಟಿದ್ದ. ಓಬವ್ವನಿಗೆ 'ದಿನಕ್ಕೆ ಎರಡು ಸಲ' ಎನ್ನುವುದೂ ನೆನಪಾಗಲಿಲ್ಲ, ಬಾಯಿಪಾಠವೂ ನೆನಪಾಗಲಿಲ್ಲ. "ಆಗಬೋದು ಸಾವ್ಕಾರ್ರೆ," ಎಂದುಬಿಟ್ಟಳು.

ನಮ್ಮ ಕಡೆ ಎಲೆ ಅಡಿಕೆ ಕೈಗೆ ಬಂತೆಂದರೆ ಮಾತು ಮುಗಿದಂತೆ. ಹೆಣ್ಣು ಕೊಟ್ಟದ್ದಕ್ಕೂ ಅದೇ ಸಾಕ್ಷಿ, ಎತ್ತು ಮಾರಿದ್ದಕ್ಕೂ ಅದೇ.

ಓಬವ್ವ ಮನೆಗೆ ಬಂದವಳೇ ಎಲೆಯನ್ನು ಗೋಡೆಯ ಪಟಗಳ ಮುಂದಿಟ್ಟಳು. ಧರ್ಮಪ್ಪ ತಂದ ಬುದ್ಧನ ಪಟ, ಬಾಬಾಸಾಹೇಬರ ಪಟ, ಪಕ್ಕದಲ್ಲಿ ಓಬವ್ವನ ಹಠಕ್ಕೆ ಉಳಿದುಕೊಂಡ ಯಲ್ಲಮ್ಮ. ಸಂಜೆ ಅಂಬಿಕಾ ಬಂದು ಕೂಸನ್ನೆತ್ತಿಕೊಂಡು ಕೂತಾಗ ಓಬವ್ವನ ಸಂಭ್ರಮ ತಡೆಯುವಂತಿರಲಿಲ್ಲ.

"ಕೈಗೇ ಕೊಟ್ಟ ಕಣೆ! ಹಿಂಗೆ, ಕೈ ಹಿಡ್ಕಂಡು!"

"ಆಯ್ತು ಅತ್ತೆ. ಬ್ರೇಕ್ ಬಗ್ಗೆ ಏನಂದ್ರು?"

"ಬ್ರೇಕು ಗೀಕು ಏನೂ ಬ್ಯಾಡ. ನೀನು ಸೋಮವಾರದಿಂದ ಹೋಗೋದೇ ಬ್ಯಾಡ. ಕೂಸು ದೊಡ್ಡದಾಗೋವರೆಗೂ ಮನೇಲಿರ್ಲಿ ಅಂದ್ರು. ನಮ್ಮ ಮನೆ ಮಗಳಿದ್ದಂಗೆ ಅಂದ್ರು."

ಅಂಬಿಕಾಳ ಮುಖ ನೋಡಿ ತಿಪ್ಪೇರುದ್ರ ಮೆಲ್ಲಗೆ ಎದ್ದು ಬಾಗಿಲ ಕಡೆ ಸರಿದ. ಜಾಣ.

"ನನ್ನ ಕೆಲಸ ಬಿಡಿಸಿ ಬಂದ್ರಾ ಅತ್ತೆ?"

"ಬಿಡಿಸಿಲ್ಲ ಕಣೆ, ಆಮೇಲೆ ನೋಡಣ ಅಂದವ್ರೆ."

"ಆಮೇಲೆ ನೋಡಣ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ವಾ? ನಾಳೆ ನನ್ನ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ. ಆರು ವರ್ಷ ಆ ಬೆಲ್ಟಿನ ಮುಂದೆ ನಿಂತಿದೀನಿ. ನೀವು ಎಲೆ ತಗಂಡು ಎದ್ದು ಬಂದ್ರಿ!"

"ದೊಡ್ಡೋರ ಮುಂದೆ ಆಗಲ್ಲ ಅನ್ನಾಕೆ ಆಗ್ತದಾ?"

"ನಾನು ಅಂತಿದ್ದೆ. ಅದಕ್ಕೇ ನಾನೇ ಕೇಳ್ತೀನಿ ಅಂದಿದ್ದು."

"ಹೋಗ್ಲಿ ಬಿಡು, ಈಗೇನು," ಎಂದು ಬಾಗಿಲ ಕಡೆಯಿಂದ ತಿಪ್ಪೇರುದ್ರ ಶುರುಮಾಡಿದ. "ನನ್ನ ಸಂಬಳ ಐತಲ್ಲ."

"ನಿಮ್ಮ ಸಂಬಳದಾಗೆ ಸಂಘದ ಕಂತು ಕಟ್ಟಿ, ಗ್ಯಾಸ್ ತರಿಸಿ ತೋರ್ಸಿ. ಆಮೇಲೆ ಮಾತಾಡಿ."

ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮಾಡಿದ ರೊಟ್ಟಿಯೆಲ್ಲ ಬುಟ್ಟಿಯಲ್ಲೇ ಉಳಿಯಿತು.

ಸೋಮವಾರ ಅಂಬಿಕಾ ಹಟ ಹಿಡಿದು ಫ್ಯಾಕ್ಟರಿಗೆ ಹೋದಳು. ಬೆಲ್ಟಿನ ಮುಂದೆ ಅವಳ ಜಾಗದಲ್ಲಿ ಕತ್ತಲಗೆರೆಯ ಹುಡುಗಿಯೊಬ್ಬಳು ನಿಂತಿದ್ದಳು. "ನಿಮ್ಮತ್ತೆ ಬಂದು ಮಾತಾಡಿ ಹೋಗಿದಾರಲ್ಲಮ್ಮ," ಎಂದ ಸಿದ್ದಲಿಂಗೇಶ್. "ಸಾವ್ಕಾರ್ರ ಮಾತು ಮೀರಾಕೆ ನಾನ್ಯಾರು?" ಅವನೇನೂ ಕೆಟ್ಟವನಲ್ಲ. ಆದರೆ ಒಳ್ಳೆಯವನಾಗಲು ಅವನಿಗೆ ಸಂಬಳ ಕೊಡುತ್ತಿರಲಿಲ್ಲ.

ಅಂಬಿಕಾ ಮನೆಗೆ ಬಂದು ಒಂದು ಚೀಲಕ್ಕೆ ಕೂಸಿನ ಬಟ್ಟೆ ತುಂಬಿದಳು. "ಅಕ್ಕನ ಮನೆಗೆ ಹೋಗಿ ಬರ್ತೀನಿ," ಎಂದಳಷ್ಟೇ. ಫ್ರೀ ಬಸ್ಸು, ಯಾರ ಹತ್ತಿರವೂ ಚಾರ್ಜಿಗೆ ಕೈ ಒಡ್ಡಬೇಕಿಲ್ಲ. ಹೊನ್ನಾಳಿಯಲ್ಲಿ ಇಳಿದು, ನ್ಯಾಮತಿಯ ಬಸ್ಸು ಹತ್ತಿ ಹೋದಳು.

ಕೂಸಿಲ್ಲದ ಮನೆ ಎಂಥದೆಂದು ಓಬವ್ವನಿಗೆ ಮರುದಿನವೇ ತಿಳಿಯಿತು. ಹಾಲು ಕಾಸಿ, ಬಾಟಲಿ ತೊಳೆದು ಇಟ್ಟಮೇಲೆ ಕುಡಿಯುವವರಿಲ್ಲ ಎಂದು ನೆನಪಾಯಿತು. ರಾಗಿ ಸರಿ ಮೆತ್ತಿಕೊಳ್ಳದ ಸೀರೆ ಸಂಜೆಯವರೆಗೂ ಚೊಕ್ಕಟವಾಗಿಯೇ ಇತ್ತು, ಅದನ್ನು ನೋಡಿದರೆ ಅವಳಿಗೆ ಸಿಟ್ಟು ಬಂತು. ತಿಪ್ಪೇರುದ್ರ ನ್ಯಾಮತಿ ಕಡೆಯ ಮಾಲಿಗೆ ಹೋದಾಗಲೆಲ್ಲ ಹೆಂಡತಿಯನ್ನು ನೋಡಿ ಬರುತ್ತಿದ್ದ. ಬಂದು ಹೇಳುತ್ತಿದ್ದದ್ದು ಒಂದೇ: "ಬರಲ್ಲ ಅಂತಾಳೆ. ಅಲ್ಲೇ ಗಾರ್ಮೆಂಟಿಗೆ ಸೇರ್ತೀನಿ ಅಂತಾಳೆ."

ಎರಡನೇ ವಾರದಲ್ಲಿ ಒಂದು ದಿನ ಧರ್ಮಪ್ಪ ಸೂಳೆಕೆರೆಯಿಂದ ಮೀನು ತಂದ. ಓಬವ್ವ ಖಾರ ಅರೆದು ಸಾರು ಮಾಡಿದಳು. ಇಬ್ಬರೂ ಎದುರುಬದುರು ಕೂತರು. ಓಬವ್ವ ಮುಳ್ಳು ಬಿಡಿಸುತ್ತಾ ಕೂತಳೇ ಹೊರತು ಬಾಯಿಗಿಡಲಿಲ್ಲ.

"ಹೋಗಿ ಕರ್ಕಂಡು ಬಾ," ಎಂದ ಧರ್ಮಪ್ಪ.

"ಕರ್ಕಂಡು ಬಂದ್ರೆ ಕೆಲಸ ಬೇಕು ಅಂತಾಳೆ. ನಾನು ಎಲೆ ತಗಂಡಿದೀನಿ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ಮಾನ ಎಲ್ಲಿ ಹೋಗೈತೆ ಇಲ್ಲಿ? ಹೋಗಿರೋದು ಸೊಸೆ ಕೆಲಸ."

"ಕೈಗೆ ಕೊಟ್ಟ ಕಣಯ್ಯ ಅವನು. ನಿನಗೆ ಗೊತ್ತಿಲ್ವಾ ಆಗ ಹೆಂಗೆ ಹಾಕ್ತಿದ್ರು ಅಂತ?"

ಧರ್ಮಪ್ಪ ಊಟ ನಿಲ್ಲಿಸಿದ. "ಗೊತ್ತಿಲ್ದೆ ಏನು. ನಾನೂ ಸೆರಗಿಲ್ಲದೆ ಟವಲ್ ಒಡ್ಡಿದೋನೇ. ಆದ್ರೆ ಕೇಳು ಓಬಿ, ಕೈಗೆ ಕೊಡೋದು ಮನುಷ್ಯರ ಮಾಮೂಲಿ. ಅಂಗಡಿಯಾಗೆ ಚಿಲ್ರೆ ಕೈಗೆ ಕೊಡಲ್ವಾ? ಆ ಮಾಮೂಲಿಗೆ ನೀನು ಸೊಸೆ ಅನ್ನ ಕೊಟ್ಟು ಬಂದೆ. ನಾನು ಅಷ್ಟು ವರ್ಷ ತೂಬು ಕಾದೆ. ಸರದಿ ಬಂದೋನು ನನಗೆ ಕೈಮುಗಿದು ನೀರು ಕೇಳ್ತಿರಲಿಲ್ಲ. ಅವನ ಸರದಿ, ಅವನ ನೀರು. ನಾನು ಎತ್ತಬೇಕು ಅಷ್ಟೇ. ಅವನ ಅತ್ತೆ ಬಂದು ನಮ್ಮ ಅಳಿಯಂಗೆ ನೀರು ಬ್ಯಾಡ ಅಂದ್ರೆ ನಾನು ತೂಬು ಮುಚ್ಚಿಬಿಡ್ತಿದ್ನಾ?"

ಓಬವ್ವ ಬಿಡಿಸಿದ ಮೀನನ್ನೆಲ್ಲ ಅವನ ತಟ್ಟೆಗೆ ಸುರಿದು ಎದ್ದುಹೋದಳು. ಸಿಟ್ಟು ಬಂದಾಗ ಅವಳು ಹಾಗೇ ಮಾಡುವುದು, ಸೋತಾಗಲೂ ಅಷ್ಟೇ.

ಮರುದಿನ ನ್ಯಾಮತಿಯಲ್ಲಿ ಅಂಬಿಕಾಳ ಅಕ್ಕನ ಮನೆಯ ಮುಂದೆ ಓಬವ್ವ ನಿಂತಿದ್ದಳು. ಸೊಸೆಯನ್ನು ಕರೆಯಲು ಅತ್ತೆಯೇ ಬಂದದ್ದು ಆ ಓಣಿಗೆ ಸುದ್ದಿಯಾಯಿತು. ಕೂಸು ಅಜ್ಜಿಯನ್ನು ಕಂಡು ಎರಡೂ ಕೈ ಚಾಚಿತು. ಓಬವ್ವ ಅದನ್ನೆತ್ತಿ ಕುತ್ತಿಗೆಗೆ ಮುಖ ಹುದುಗಿಸಿ ಬಹಳ ಹೊತ್ತು ನಿಂತಳು.

"ನಡಿ. ಕೂಸಿನ ಬಟ್ಟೆ ತುಂಬು," ಎಂದಳು ಕೊನೆಗೆ.

"ಕೆಲಸ ಇಲ್ದೆ ನಾನು ಬರಲ್ಲ ಅತ್ತೆ."

"ಕೆಲಸಕ್ಕೇ ಹೋಗಣ ಅಂತ ಬಂದಿರೋದು. ಇಬ್ರೂ ಹೋಗಣ. ನೀನು ಮಾತಾಡು. ನನ್ನದು ಒಂದೇ ಮಾತೈತೆ, ಅದನ್ನ ನಾನು ಆಡ್ತೀನಿ."

ಇಬ್ಬರೂ ಫ್ಯಾಕ್ಟರಿಗೆ ಹೋದಾಗ ಹಾಲಸ್ವಾಮಿ ಈ ಸಲವೂ ಕುರ್ಚಿ ತೋರಿಸಿದರು. ಓಬವ್ವ ಕೂರಲಿಲ್ಲ. ಕೂಸು ಅವಳ ಸೊಂಟದಲ್ಲಿತ್ತು. ಸಿದ್ದಲಿಂಗೇಶ್ ಗೋಡೆಗೆ ಒರಗಿ ನಿಂತಿದ್ದ.

"ಸಾವ್ಕಾರ್ರೆ, ಅವತ್ತು ನಾನು ತಪ್ಪು ಮಾಡ್ದೆ. ನನ್ನದಲ್ಲದ್ದನ್ನ ಕೊಟ್ಟು ಬಂದೆ. ಕೆಲಸ ಇವಳದು. ಬಿಡ್ತಾಳೆ ಅನ್ನಾಕೆ ನಾನ್ಯಾರು?"

"ಏನಿದು ಓಬವ್ವ? ಮಾತು ಕೊಟ್ಟಿದ್ದೆ. ಎಲೆ ತಗಂಡಿದ್ದೆ."

"ತಗಂಡಿದ್ದೆ. ಈಗ ಮಾತು ತಪ್ತಾ ಇದೀನಿ. ಬೈಯೋದಾದ್ರೆ ನನಗೆ ಬೈರಿ." ಅವಳು ಕೂಸನ್ನು ಸೊಂಟದ ಮೇಲೆ ಸರಿಯಾಗಿ ಕೂರಿಸಿಕೊಂಡಳು. "ನಿಮ್ಮ ಅಪ್ಪಾರು ನಮಗೆ ಎಲೆ ಮೇಲಿಂದ ಬಿಡೋರು. ನೀವು ಕೈ ಹಿಡಿದು ಕೊಟ್ರಿ. ಅದಕ್ಕೆ ಸೋತು ಹೋದೆ ಸಾವ್ಕಾರ್ರೆ. ಏನು ಕೇಳಾಕೆ ಬಂದಿದ್ದೆ ಅನ್ನೋದೇ ಮರೆತುಹೋಯ್ತು."

ಹಾಲಸ್ವಾಮಿ ಅವಳನ್ನೇ ನೋಡಿದರು. ಪೂಜೆಯ ದಿನ ಎಷ್ಟೋ ಜನರಿಗೆ ಎಲೆ ಕೊಟ್ಟಿದ್ದರು. ಅವಳಿಗೆ ಹೇಗೆ ಕೊಟ್ಟೆ ಎನ್ನುವುದು ಅವರಿಗೆ ನೆನಪೇ ಇರಲಿಲ್ಲ. ಅದು ಅವರ ಮುಖದಲ್ಲಿ ಕಂಡಿತು, ಓಬವ್ವನಿಗೂ ಕಂಡಿತು.

ಅಂಬಿಕಾ ಮುಂದೆ ಬಂದಳು. "ಸರ್, ನಾನು ರಾಜೀನಾಮೆ ಕೊಟ್ಟಿಲ್ಲ, ಬಾಯಲ್ಲೂ ಹೇಳಿಲ್ಲ. ನನ್ನ ಜಾಗ ನನಗೆ ಬೇಕು. ಕೂಸಿಗೆ ಹದಿನೈದು ತಿಂಗಳಾಗೋವರೆಗೂ ಎರಡು ಸಲ ಹಾಲು ಕುಡಿಸಾಕೆ ಬಿಡಬೇಕು ಅಂತ ಕಾನೂನೈತೆ. ಅದೂ ಬೇಕು."

"ನಿನಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರಮ್ಮ."

"ಹೌದು ಸರ್. ಕೂಸಿರೋರು ಎಲ್ಲರೂ ಕೇಳ್ತಾರೆ."

"ನಾನು ಕೊಡಲ್ಲ ಅಂದ್ರೆ?"

"ದಾವಣಗೆರೆಗೆ, ಲೇಬರ್ ಆಫೀಸಿಗೆ ಹೋಗ್ತೀನಿ. ಹೋಗೋ ಆಸೆ ನನಗಿಲ್ಲ ಸರ್."

ಹಾಲಸ್ವಾಮಿ ಫೋನ್ ತೆಗೆದು ತಮ್ಮ ಆಡಿಟರಿಗೆ ಮಾಡಿದರು. ಆ ಕಡೆಯ ದನಿ ಏನು ಹೇಳಿತೋ, ಇವರು "ಹ್ಞೂಂ... ಹ್ಞೂಂ..." ಎನ್ನುತ್ತಾ ಹೋದರು. "ಸಂಬಳ ಹಿಡಿಯಂಗೂ ಇಲ್ವಾ?" ಎಂದು ಒಮ್ಮೆ ಕೇಳಿದರು. ಕೊನೆಗೆ ಫೋನ್ ಮೇಜಿನ ಮೇಲಿಟ್ಟರು.

"ಸಿದ್ದಲಿಂಗೇಶ, ನಾಳೆಯಿಂದ ಈಯಮ್ಮನ್ನ ಲೈನಿಗೆ ತಗ. ಎರಡು ಸಲ ಬಿಡು, ಹದಿನೈದು ಹದಿನೈದು ನಿಮಿಷ. ಖಾಲಿ ಚೀಲದ ರೂಮು ಗುಡಿಸಿ ಕೊಡು." ಆಮೇಲೆ ಓಬವ್ವನ ಕಡೆ ತಿರುಗಿದರು. "ನಾನು ಒಳ್ಳೇದಕ್ಕೇ ಹೇಳಿದ್ದೆ ಓಬವ್ವ. ನೀವು ಕಾನೂನು ತಂದ್ರಿ. ಆಗ್ಲಿ, ಇನ್ನು ಮೇಲೆ ಎಲ್ಲ ಕಾನೂನಿನ ಪ್ರಕಾರವೇ. ಮನೆ ಮಾತು ಅಂತ ನನ್ನ ಹತ್ರ ಬರಬ್ಯಾಡ್ರಿ."

ಅಷ್ಟು ವರ್ಷ ಓಬವ್ವನಿಗೆ 'ನೀನು' ಎನ್ನುತ್ತಿದ್ದ ಬಾಯಲ್ಲಿ 'ರಿ' ಬಂದಿತ್ತು. ಮರ್ಯಾದೆಯಂತೂ ಅಲ್ಲ. ಓಬವ್ವ ಗೇಟು ದಾಟಿದ ಮೇಲೆ ಕೂಸಿನ ಕುಲಾವಿ ಸರಿಮಾಡುವ ನೆಪದಲ್ಲಿ ನಿಂತು ಕಣ್ಣೊರೆಸಿಕೊಂಡಳು. ಅಂಬಿಕಾ ಅದನ್ನು ನೋಡಿದಳು. "ಅತ್ತೆ, ಕೂಸಿನ್ನ ಕೊಡ್ರಿ, ಭಾರ ಆಗ್ತಾಳೆ," ಎಂದಳು. ಓಬವ್ವ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಓಬವ್ವ ಕೂಸನ್ನೆತ್ತಿಕೊಂಡು ಹೇಳಿದ ಹೊತ್ತಿಗಿಂತ ಬಹಳ ಮುಂಚೆಯೇ ಹೋಗಿ ಚೀಲದ ಕೋಣೆಯಲ್ಲಿ ಕೂತಳು. ಸಣ್ಣ ಕೋಣೆ. ಮಡಿಸಿಟ್ಟ ಗೋಣಿಚೀಲಗಳು, ಒಂದು ಬೆಂಚು, ಒಳಗಿನಿಂದ ಹಾಕಿಕೊಳ್ಳಲು ಚಿಲಕ. ಗೋಡೆಯಾಚೆ ಬೆಲ್ಟಿನ ಗರಗರ ಸದ್ದು, ಹೆಂಗಸರ ಮಾತು, ಯಾರದೋ ನಗು. ಅಡಿಕೆಯ ವಾಸನೆ ಇಲ್ಲಿಯೂ ತುಂಬಿತ್ತು. ಓಬವ್ವ ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡಳು.

ಅಂಬಿಕಾ ಕೈ ತೊಳೆದುಕೊಂಡು ಓಡಿಬಂದಳು. ಚಿಲಕ ಹಾಕಿ, ಬೆಂಚಿನ ಮೇಲೆ ಕೂತು ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಕೂಸು ಒಮ್ಮೆ ಮುಲುಕಿ ಬಾಯಿ ಹಾಕಿತು. ಕುಡಿಯುವ ಸದ್ದು ಕೋಣೆಯಲ್ಲಿ ಕೇಳತೊಡಗಿತು. ಅಂಬಿಕಾಳ ಹೆಗಲು ಸಡಿಲಾಯಿತು. ಅವಳು ಗೋಡೆಗೊರಗಿ, ಕೂಸಿನ ಹಣೆಗೆ ಅಂಟಿದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ತೀಡಿದಳು. ಕೂಸು ಕುಡಿಯುತ್ತಲೇ ಕಣ್ಣು ತೆರೆದು ತಾಯಿಯ ಮುಖವನ್ನೇ ನೋಡುತ್ತಿತ್ತು.

ಓಬವ್ವ ಎದುರಿಗೆ ಚೀಲಗಳ ಮೇಲೆ ಕೂತು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಅಳತೊಡಗಿದಳು.

"ಏನಾಯ್ತು ಅತ್ತೆ? ಸಾವ್ಕಾರ್ರ ಮಾತಿಗಾ?"

"ಅವರದ್ದಲ್ಲ ಕಣೆ." ಓಬವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೂಸು ಹಾಲು ಕುಡಿಯೋವಾಗ ಹಿಂಗೆ ನೋಡ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಯಾಕೆ? ನಿಮ್ಮ ಮಗನ್ನ ನೀವೇ ಬೆಳೆಸಿದ್ದಲ್ವಾ, ಆ ಶೆಡ್ಡಿನಾಗೇ."

"ಬೆಳೆಸ್ದೆ. ತೊಡೆ ಮೇಲೆ ಹಾಕ್ಕಂಡು ಕುಡಿಸ್ತಾನೇ ಅಡಿಕೆ ಸುಲೀತಿದ್ದೆ. ಡಬ್ಬ ತುಂಬಬೇಕಲ್ಲ. ಯಾರೂ ಕುಡಿಸಬ್ಯಾಡ ಅನ್ನಲಿಲ್ಲ, ನಿಜ. ಆದ್ರೆ ಕಾಲಾಗೆ ಕತ್ತಿ, ತೊಡೆ ಮೇಲೆ ಕೂಸು. ಕಣ್ಣು ಅತ್ತಿತ್ತ ಆದ್ರೆ ಕತ್ತಿ ಅದಕ್ಕೇ ತಗಲ್ತದೆ. ಕತ್ತಿ ಮೇಲೇ ಇರಬೇಕು ಕಣ್ಣು. ಎರಡು ವರ್ಷ ಹಾಲು ಕೊಟ್ಟೆ ಅಂಬಿ. ಒಂದು ದಿನಾನೂ ಅವನ ಮುಖ ನೋಡಿಲ್ಲ."

ಅಂಬಿಕಾ ಬೆಂಚಿನ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಓಬವ್ವ ಎದ್ದು ಬಂದು ಕೂತಳು. ಇಬ್ಬರೂ ಬಗ್ಗಿ, ಬಿಡುವು ಮುಗಿಯುವವರೆಗೂ ಕೂಸಿನ ಮುಖವನ್ನೇ ನೋಡುತ್ತಾ ಕೂತರು.